ಗರಿಕೆಗೆ ಭಾನುವಾರದ ರಜೆ ಇಲ್ಲ

ಮೊದಲೇ ಹೇಳಿಬಿಡ್ತೀನಿ. ಗರಿಕೆಯನ್ನು ತೋಟದಿಂದ ಶಾಶ್ವತವಾಗಿ ಓಡಿಸೋ ಉಪಾಯ ಈ ಅಂಕಣದಲ್ಲಿ ಸಿಗಲ್ಲ. ಅಂಥದ್ದು ಇದೆ ಅಂತ ಯಾರಾದ್ರೂ ರೀಲ್ಸ್‌ನಲ್ಲಿ ಹೇಳಿದ್ರೆ ಸುಮ್ಮನೆ ಮುಂದಕ್ಕೆ ಸ್ಕ್ರಾಲ್ ಮಾಡಿ. ಸೋಮವಾರದಿಂದ ಶುಕ್ರವಾರದ ತನಕ ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಎರಡು ವಾರಕ್ಕೊಮ್ಮೆ ಊರಿನ ಬಸ್ಸು ಹತ್ತುವ ನನ್ನಂಥವಳು, ಕಳೆನಾಶಕ ಮುಟ್ಟದೆ ಹಣ್ಣಿನ ಗಿಡಗಳನ್ನ ಹುಲ್ಲಿನ ಬಾಯಿಂದ ಹೇಗೆ ಉಳಿಸ್ಕೊಬಹುದು ಅನ್ನೋದಷ್ಟೇ ಇಲ್ಲಿನ ವಿಷಯ.

ನಮ್ಮೂರು ಕುಣಿಗಲ್ ಕಡೆ, ಕೆಂಪು ಮಣ್ಣು. ರಾಗಿ ಬೆಳೀತಿದ್ದ ಒಂದು ಎಕರೆಯಲ್ಲಿ ಮೂರು ಮಳೆಗಾಲದ ಹಿಂದೆ 80 ಗಿಡ ನೆಟ್ಟೆವು. 50 ಸೀಬೆ, 20 ನಿಂಬೆ, 10 ಸಪೋಟ. ರಾಗಿ ಇದ್ದಷ್ಟು ಕಾಲ ಉಳುಮೆಯ ಏಟು ತಿಂದು ಬದುವಿನ ಮೇಲೆ ಸುಮ್ಮನಿದ್ದ ಗರಿಕೆ, ಉಳುಮೆ ನಿಲ್ಲಿಸಿ ಡ್ರಿಪ್ ಪೈಪ್ ಎಳೆದ ಕೂಡಲೇ ಹೊಲದೊಳಕ್ಕೆ ನಡ್ಕೊಂಡು ಬಂತು. ಅದೂ ಡ್ರಿಪ್ಪರ್ ಇರೋ ಜಾಗ ಹುಡುಕ್ಕೊಂಡು. ನಾವು ನೀರು ಕೊಟ್ಟಿದ್ದು ಸೀಬೆಗೆ, ಕುಡಿದಿದ್ದು ಗರಿಕೆ. ಮೊದಲ ಮಳೆಗಾಲ ಮುಗಿಯೋ ಹೊತ್ತಿಗೆ ಗಿಡ ಎಲ್ಲಿದೆ ಅಂತ ಕೋಲು ಗುರುತಿಟ್ಟು ಹುಡುಕಬೇಕಿತ್ತು.

ಅಪ್ಪನ ಪರಿಹಾರ ಸರಳವಾಗಿತ್ತು. "ಕಳೆ ಔಷಧಿ ಹೊಡ್ಸಿದ್ರೆ ಅರ್ಧ ದಿನದ ಕೆಲ್ಸ ಕಣಮ್ಮ. ಊರವರೆಲ್ಲ ಹೊಡೀತಾರೆ."

ನಾನು ಬೇಡ ಅಂದೆ. ತೋಟದ ಇಳಿಜಾರು ಮುಗಿಯೋ ಕಡೆ ನಮ್ಮ ಬಾವಿ ಇದೆ, ಮನೆಗೆ ಕುಡಿಯೋ ನೀರು ಅದರದ್ದೇ. ಇನ್ನೊಂದು ಕಾರಣ ಗಿಡಗಳದ್ದೇ. ಗ್ಲೈಫೊಸೇಟ್ ಹುಲ್ಲು ಯಾವುದು, ಸೀಬೆ ಯಾವುದು ಅಂತ ನೋಡಲ್ಲ, ತಾಗಿದ ಹಸಿರನ್ನೆಲ್ಲ ಬೇರಿನ ತನಕ ಹಿಡಿಯುತ್ತೆ. ಎಳೆ ಗಿಡದ ತೊಗಟೆಯೂ ಹಸಿರೇ. ಗಾಳಿಗೆ ನಾಲ್ಕು ಹನಿ ಹಾರಿದ್ರೆ ಸಾಕು, ಚಿಗುರು ದಾರದ ಹಾಗೆ ಸಣ್ಣಗಾಗಿ ಮುರುಟಿಕೊಳ್ಳುತ್ತೆ. ಆರೋಗ್ಯದ ಮಾತಿಗೆ ಬಂದ್ರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಇದನ್ನ 'ಬಹುಶಃ ಕ್ಯಾನ್ಸರ್‌ಕಾರಕ' ಅನ್ನೋ ಪಟ್ಟಿಗೆ ಸೇರಿಸ್ತು. ಎಲ್ಲ ದೇಶಗಳ ನಿಯಂತ್ರಣ ಸಂಸ್ಥೆಗಳೂ ಅದನ್ನ ಒಪ್ಪಿಲ್ಲ, ಅದೂ ನಿಜ. ನಮ್ಮ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಗ್ಲೈಫೊಸೇಟನ್ನ ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳ ಮೂಲಕ ಮಾತ್ರ ಬಳಸಬೇಕು ಅಂತ ಆದೇಶ ಹೊರಡಿಸ್ತು. ಹಳ್ಳಿಯಲ್ಲಿ ಅದನ್ನ ಹೊಡೆಯೋದು ಲುಂಗಿ ಎತ್ತಿಕಟ್ಟಿ, ಬರಿಗಾಲಲ್ಲಿ, ಬೆನ್ನಿಗೆ ಸೋರೋ ಪಂಪ್ ಹಾಕ್ಕೊಂಡ ಯಾರೋ ಒಬ್ಬರು.

ಅಪ್ಪ ಇಷ್ಟನ್ನೂ ಕೇಳಿಸ್ಕೊಂಡು ಒಂದೇ ಮಾತು ಹೇಳಿದ್ರು. "ಬೇಡ ಅನ್ನೋಳು ನೀನು. ಬಗ್ಗಿ ಕೀಳೋಳು ನಿಮ್ಮಮ್ಮ."

ರಾಸಾಯನಿಕ ಬೇಡ ಅನ್ನೋ ಎಷ್ಟೋ ಲೇಖನಗಳು ಹೇಳದೆ ಬಿಡೋ ಮಾತು ಇದು. ಅಮ್ಮನಿಗೆ 58, ಮಂಡಿನೋವು. ಕೆಳಗೆ ಕೂತ್ರೆ ಏಳೋಕೆ ಏನಾದ್ರೂ ಆಸರೆ ಬೇಕು. ವರವಾರಿ ಹಿಡ್ಕೊಂಡು ಒಂದು ಗಿಡದ ಬುಡದ ಗರಿಕೆಯನ್ನ ಬೇರುಸಮೇತ ತೆಗೆಯೋಕೆ ಅರ್ಧ ಗಂಟೆ. 80 ಗಿಡಕ್ಕೆ 40 ಗಂಟೆ. ನನ್ನ ಒಂದು ವಾರದ ಆಫೀಸು! ಮೂರು ವಾರ ಬಿಟ್ಟು ನೋಡಿದ್ರೆ ಗರಿಕೆ ಮತ್ತೆ ಹಾಜರ್. ಹಾಗಾಗಿ ನಮಗೆ ಬೇಕಿದ್ದಿದ್ದು ವಿಷ ಇಲ್ಲದ ದಾರಿ ಮಾತ್ರ ಅಲ್ಲ, ಅಮ್ಮನ ಸೊಂಟ ಮುರಿಯದ ದಾರಿ. ಎರಡನೇ ಲೆಕ್ಕ ಹಿಡಿದ ಮೇಲೇ ಮೊದಲನೆಯದೂ ಸರಿಹೋಗಿದ್ದು.

ಗರಿಕೆ ಯಾಕೆ ಹೀಗೆ ಅಂತ ಸ್ವಲ್ಪ ನೋಡೋಣ. ಗಣಪತಿಗೆ ಏರಿಸ್ತೀವಿ, ಮನೆತನ ಗರಿಕೆ ಹಾಗೆ ಹಬ್ಬಲಿ ಅಂತ ಹಿರಿಯರು ಹರಸ್ತಾರೆ. ಆ ಹಬ್ಬುವ ಗುಣವೇ ಈಗ ನಮ್ಮ ತಲೆನೋವು. ಅದಕ್ಕೆ ಎರಡು ಕಾಲು. ನೆಲದ ಮೇಲೆ ಹಂಬು ಹರಿಯುತ್ತೆ, ನೆಲದೊಳಗೆ ಬಿಳಿ ಕಾಂಡ ಓಡುತ್ತೆ. ಎರಡರಲ್ಲೂ ಬೆರಳಗಲಕ್ಕೆ ಒಂದೊಂದು ಗೆಣ್ಣು, ಪ್ರತಿ ಗೆಣ್ಣಿಗೂ ಬೇರು ಬಿಟ್ಟು ಹೊಸ ಗಿಡ ಆಗೋ ಶಕ್ತಿ. ಹಸಿ ಮಣ್ಣಲ್ಲಿ ರೋಟವೇಟರ್ ಓಡಿಸಿದ್ರೆ ಗರಿಕೆಯನ್ನ ತುಂಡು ಮಾಡಿ ಇಡೀ ಹೊಲಕ್ಕೆ ನಾಟಿ ಮಾಡಿದ ಹಾಗೆ.

ನೆಲದೊಳಗಿನ ಆ ಬಿಳಿ ಕಾಂಡ ಗರಿಕೆಯ ಉಳಿತಾಯ ಖಾತೆ. ಎಲೆ ದುಡಿದಿದ್ದು ಅಲ್ಲಿ ಜಮಾ ಆಗುತ್ತೆ. ನೀವು ಮೇಲಿನ ಹುಲ್ಲು ಕೊಯ್ದಾಗ ಅದು ಖಾತೆಯಿಂದ ತೆಗೆದು ಹೊಸ ಎಲೆ ಕಟ್ಟುತ್ತೆ. ಎಲೆ ಬಲಿತು ದುಡಿಯೋಕೆ ಶುರುಮಾಡಿದ್ರೆ ಖಾತೆ ಮತ್ತೆ ತುಂಬುತ್ತೆ. ಬಲಿಯೋ ಮೊದಲೇ ಮತ್ತೆ ಕೊಯ್ದ್ರೆ ಬರೀ ಖರ್ಚು, ಸಂಬಳ ಇಲ್ಲ. ವರ್ಷಕ್ಕೆರಡು ಸಲ ಆಳು ಹಿಡಿದು ಅಗೆಸೋದಕ್ಕಿಂತ ಹದಿನೈದು ದಿನಕ್ಕೊಮ್ಮೆ ತಪ್ಪದೆ ಎಳೆ ಚಿಗುರು ತೆಗೆಯೋದು ಹೆಚ್ಚು ಕೆಲಸ ಮಾಡೋದು ಇದಕ್ಕೇ. ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗೋರಿಗೆ ಇದಕ್ಕಿಂತ ಹೊಂದೋ ಟೈಮ್‌ಟೇಬಲ್ ಇದೆಯಾ?

ಗರಿಕೆಯ ಇನ್ನೊಂದು ದೌರ್ಬಲ್ಯ ನೆರಳು. ಬಿಸಿಲಲ್ಲಿ ರಾಜ, ನೆರಳಲ್ಲಿ ಸೊರಗುತ್ತೆ. ಬೆಳೆದ ಮಾವಿನ ಮರದ ಕೆಳಗೆ ನೋಡಿ, ತೆಳ್ಳಗೆ ನಾಲ್ಕು ಎಳೆ ಇರುತ್ತೆ ಅಷ್ಟೇ. ಅಂದ್ರೆ ಈ ಯುದ್ಧ ಜೀವಮಾನದ್ದಲ್ಲ. ಗಿಡ ತನ್ನ ಬುಡಕ್ಕೆ ತಾನೇ ನೆರಳು ಮಾಡ್ಕೊಳೋ ತನಕ, ಮೊದಲ ಮೂರು ನಾಲ್ಕು ವರ್ಷದ್ದು.

ಹುಲ್ಲಿದ್ರೆ ಏನಾಯ್ತು, ಹಸಿರಾಗಿರುತ್ತೆ ಅಲ್ವಾ ಅನ್ನೋರಿಗೆ ಒಂದು ಹಳೇ ಕತೆ. ಇಂಗ್ಲೆಂಡಿನ ವೋಬರ್ನ್‌ನಲ್ಲಿ 1894ರಲ್ಲಿ ಬೆಡ್‌ಫರ್ಡ್‌ನ ಡ್ಯೂಕ್ ಮತ್ತು ಸ್ಪೆನ್ಸರ್ ಪಿಕರಿಂಗ್ ಅನ್ನೋ ರಸಾಯನಶಾಸ್ತ್ರಜ್ಞ ಸೇರಿ ಹಣ್ಣಿನ ಗಿಡಗಳ ಪ್ರಯೋಗಕ್ಕೆಂದೇ ಒಂದು ತೋಟ ಶುರುಮಾಡಿದ್ರು. ಎಳೆ ಸೇಬಿನ ಗಿಡಗಳ ಬುಡಕ್ಕೆ ಹುಲ್ಲು ಹಬ್ಬಿಸಿ, ಪಕ್ಕದಲ್ಲೇ ಬುಡ ಚೊಕ್ಕ ಇಟ್ಟ ಗಿಡಗಳ ಜೊತೆ ಹೋಲಿಸಿದ್ರು. ಹುಲ್ಲಿನ ನಡುವಿನ ಗಿಡಗಳು ಕುಬ್ಜವಾಗಿ ನಿಂತುಬಿಟ್ವು. ಹುಲ್ಲು ನೀರು, ಗೊಬ್ಬರ ಕದಿಯೋದ್ರಿಂದ ಮಾತ್ರ ಇಷ್ಟು ಹಾನಿ ಆಗಲ್ಲ, ಅದರ ಬೇರಿಂದ ಏನೋ ವಿಷ ಇಳಿಯುತ್ತೆ ಅಂತ ಪಿಕರಿಂಗ್ ವಾದಿಸಿದ. ವಿಷದ ಮಾತು ಹೇಗೂ ಇರಲಿ, ಎಳೆ ಗಿಡದ ಬುಡದಲ್ಲಿ ಹುಲ್ಲು ಇರಬಾರದು ಅನ್ನೋದು ಆಗಲೇ ಕಣ್ಣಿಗೆ ಕಂಡಿತ್ತು.

ಆದ್ರೆ ಬುಡದಲ್ಲಿ ಮಾತ್ರ. ನಮ್ಮ ಲೆಕ್ಕ ಬದಲಾಗಿದ್ದು ಇಲ್ಲಿ. ಗಿಡದ ಸುತ್ತ ಮೂರು ಅಡಿ ಪಾತಿ ಚೊಕ್ಕ ಇಟ್ರೆ ಒಂದು ಗಿಡಕ್ಕೆ ಸುಮಾರು 28 ಚದರ ಅಡಿ. 80 ಗಿಡಕ್ಕೆ 2,260 ಚದರ ಅಡಿ. ಎಕರೆ ಅಂದ್ರೆ 43,560 ಚದರ ಅಡಿ. ನಾವು ಕಾಯಬೇಕಾಗಿದ್ದು ಬರೀ 5 ಪರ್ಸೆಂಟ್, ಎರಡು 30-40 ಸೈಟಿಗಿಂತ ಕಮ್ಮಿ! ಈ ಲೆಕ್ಕ ಫೋನಲ್ಲಿ ತೋರಿಸಿದಾಗ ಅಪ್ಪ ಕನ್ನಡಕ ಹಾಕ್ಕೊಂಡು ಎರಡು ಸಲ ನೋಡಿ, "ಮಿಕ್ಕಿದ್ದನ್ನ ಏನ್ಮಾಡ್ತೀಯ?" ಅಂದ್ರು. ಮಿಕ್ಕಿದ್ದು ಹಸುವಿಗೆ.

ಪಾತಿ ಕೆಲಸ ಶುರುಮಾಡಿದ್ದು ಮೇ ಕೊನೆಯಲ್ಲಿ, ಎರಡು ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ. ಆರು ಆಳಿನ ಕೂಲಿ ಕೊಟ್ಟು ಮೊದಲ ಸುತ್ತು ಕೀಳಿಸಿದ್ವಿ. ಇದೊಂದು ಖರ್ಚನ್ನ ದಯವಿಟ್ಟು ಉಳಿಸೋಕೆ ಹೋಗ್ಬೇಡಿ, ಆ 40 ಗಂಟೆ ಅಮ್ಮಂದಿರ ತಲೆಗೆ ಬೀಳುತ್ತೆ. ಗಿಡದ ಹತ್ತಿರ ಗುದ್ದಲಿ ಬೇಡ. ಸೀಬೆ, ನಿಂಬೆ ಎರಡರ ಬೇರೂ ಮೇಲ್ಮೇಲೇ ಇರುತ್ತೆ. ಬುಡದಿಂದ ಒಂದು ಗೇಣಿನೊಳಗೆ ಕೈಯಲ್ಲೇ, ಆಚೆಗೆ ವರವಾರಿಯಲ್ಲಿ. ಬಿಳಿ ಕಾಂಡ ಸಿಕ್ಕಷ್ಟು ಎಳೆಯಿರಿ, ಪೂರ್ತಿ ಸಿಗಲಿಲ್ಲ ಅಂತ ಆಳಕ್ಕೆ ಇಳಿಯಬೇಡಿ.

ಆಮೇಲೆ ಮುಚ್ಚಿಗೆ, ಅಂದ್ರೆ ಮಲ್ಚಿಂಗ್. ಆನ್‌ಲೈನ್ ಶಾಪಿಂಗಿನ ರಟ್ಟಿನ ಡಬ್ಬ ಬಿಚ್ಚಿ, ಟೇಪ್ ಕಿತ್ತು, ನೀರಲ್ಲಿ ನೆನೆಸಿ ಹಾಸೋದು ಎಲ್ಲರೂ ಹೇಳೋ ವಿಧಾನ. ಒಂದರ ಮೇಲೊಂದು ಅರ್ಧ ಅಡಿ ಬರೋ ಹಾಗೆ ಹಾಸಿ, ಮೇಲೆ ಅರ್ಧ ಅಡಿ ದಪ್ಪ ಒಣ ಎಲೆ ಹಾಕಿದ್ರೆ ಬೆಳಕು ಒಳಗೆ ಹೋಗಲ್ಲ. ಬೆಂಗಳೂರಿನ ಟೆರೇಸ್ ಕುಂಡಕ್ಕೂ, ಮಲೆನಾಡಿನ ಕಡೆಗೂ ಚೆನ್ನಾಗಿರಬಹುದು. ನಮ್ಮ ಕಡೆ ಗೆದ್ದಲಿಗೆ ರಟ್ಟು ಅಂದ್ರೆ ಹಬ್ಬದೂಟ. ಹಾಗಾಗಿ ನಾವು ಹಾಕಿದ್ದು ಕಾಯಿ ಸುಲಿದ ಮಟ್ಟೆ. ಮನೆ ಹಿಂದೆ ವರ್ಷಗಳಿಂದ ಒಲೆಗೆ ಅಂತ ಗುಡ್ಡೆ ಬಿದ್ದಿತ್ತು. ಟೊಳ್ಳಿನ ಕಡೆ ಕೆಳಗೆ ಮಾಡಿ ಒತ್ತೊತ್ತಾಗಿ ಜೋಡಿಸಬೇಕು, ಇಲ್ಲಾಂದ್ರೆ ಮಳೆ ನೀರು ನಿಂತು ಸೊಳ್ಳೆ ಸಾಕಿದ ಹಾಗಾಗುತ್ತೆ. ಮಟ್ಟೆ ಮೇಲೆ ತೆಂಗಿನ ಸೋಗೆ ಕಡಿದು ಹರಡಿದ್ವಿ. ಬುಡದ ಸುತ್ತ ಒಂದು ಗೇಣು ಖಾಲಿ. ಮುಚ್ಚಿಗೆ ತೊಗಟೆಗೆ ತಾಗಿದ್ರೆ ಕೊಳೆ, ಗೆದ್ದಲು, ಇಲಿ ಮೂರಕ್ಕೂ ದಾರಿ.

ಬೇಸಿಗೆಯಲ್ಲಿ ಇದರ ಲಾಭ ಬೇರೆ ಥರ ಕಂಡಿತು. ಅಪ್ಪ ಪಂದ್ಯಕ್ಕೆ ಅಂತಲೇ ಐದು ಗಿಡದ ಒಂದು ಸಾಲನ್ನ ಮುಚ್ಚಿಗೆ ಇಲ್ಲದೆ ಬಿಟ್ಟಿದ್ರು. ಮಾರ್ಚ್‌ನಲ್ಲಿ ಆ ಸಾಲಿನ ಎಲೆ ನಾಲ್ಕನೇ ದಿನಕ್ಕೆ ಜೋಲು ಬೀಳ್ತಿತ್ತು, ಪಕ್ಕದ ಸಾಲು ವಾರ ತಡೀತಿತ್ತು. ಅವರು ಏನೂ ಹೇಳಲಿಲ್ಲ. ಮುಂದಿನ ಸಲ ನಾನು ಹೋಗೋಷ್ಟರಲ್ಲಿ ಆ ಐದು ಗಿಡಕ್ಕೂ ಮಟ್ಟೆ ಬಂದಿತ್ತು.

ಇನ್ನು ಅಂಚು. ಮುಚ್ಚಿಗೆ ಹಾಕಿ ಮರೆತ್ರೆ ಗರಿಕೆ ಹೊರಗಿಂದ ಹಂಬು ಚಾಚಿ ಮಟ್ಟೆ ಮೇಲೇ ನಡ್ಕೊಂಡು ಬರುತ್ತೆ. ಪಾತಿಯ ಸುತ್ತ ಒಂದು ಗೇಣು ಅಗಲ ಬರೀ ಮಣ್ಣು ಬಿಟ್ಟು, ಹದಿನೈದು ದಿನಕ್ಕೊಮ್ಮೆ ಅಲ್ಲಿ ವರವಾರಿ ಆಡಿಸಿ, ದಾಟಿದ ಹಂಬು ಎಳೆದು ಹಾಕೋದು. ಗಿಡಕ್ಕೆ ನಾಲ್ಕು ನಿಮಿಷ, ಒಟ್ಟು ಐದೂವರೆ ಗಂಟೆ ಒಳಗೆ. ಶನಿವಾರ ಸಂಜೆ ಅರ್ಧ, ಭಾನುವಾರ ಬೆಳಿಗ್ಗೆ ಅರ್ಧ. ಇದು ನನ್ನ ಪಾಲಿನ ಕೆಲಸ ಅಂತ ಅಮ್ಮನ ಹತ್ರ ಹೇಳಿದ್ದೀನಿ. ಕಿವಿಗೆ ಇಯರ್‌ಫೋನ್ ಹಾಕ್ಕೊಂಡ್ರೆ ಎರಡು ಪಾಡ್‌ಕಾಸ್ಟ್ ಮುಗಿಯುತ್ತೆ. ನಾನು ಬಾರದ ವಾರ ಅಮ್ಮ ಕದ್ದು ನಾಲ್ಕು ಗಿಡ ಮಾಡಿರ್ತಾರೆ, ಅದು ಬೇರೆ ವಿಷಯ.

ಕಿತ್ತ ಗರಿಕೆಯನ್ನ ಹಸಿಯಾಗಿ ಪಾತಿಗೇ ಹಾಕ್ಬೇಡಿ, ಗೆಣ್ಣು ಮತ್ತೆ ಬೇರು ಬಿಡುತ್ತೆ. ಬಂಡೆ ಮೇಲೋ ತಗಡಿನ ಮೇಲೋ ಚೆನ್ನಾಗಿ ಒಣಗಿ ಗರಿಗರಿ ಆದ ಮೇಲೆ ಮುಚ್ಚಿಗೆಗೆ ಸೇರಿಸಬಹುದು. ಹಸು ಇದ್ರೆ ಈ ಪ್ರಶ್ನೆಯೇ ಇಲ್ಲ.

ಪಾತಿ ಆಚೆಗಿನ ಹುಲ್ಲನ್ನ ಮಳೆಗಾಲದಲ್ಲಿ ಬ್ರಷ್ ಕಟರ್‌ನಲ್ಲಿ ಸವರ್ತೀವಿ. ಬರಿ ನೆಲ ಮಾಡಲ್ಲ, ಬೆರಳುದ್ದ ಬಿಡ್ತೀವಿ. ಇಳಿಜಾರಿನ ಮಣ್ಣು ಹಿಡಿದಿರೋದು ಅದೇ ಗರಿಕೆ. ಹುಷಾರು, ಬ್ರಷ್ ಕಟರ್‌ನ ನೈಲಾನ್ ದಾರ ಎಳೆ ಗಿಡದ ತೊಗಟೆಗೆ ಒಂದು ಸುತ್ತು ತಾಗಿದ್ರೆ ಗಿಡ ಹೋದ ಹಾಗೇ. ಕಟರ್ ಹಿಡಿಯೋರಿಗೆ ಪಾತಿಯೊಳಗೆ ಪ್ರವೇಶ ಇಲ್ಲ ಅನ್ನೋದು ನಮ್ಮನೆ ಕಾನೂನು.

ಸಾಲುಗಳ ನಡುವೆ ಹುಲ್ಲಿನ ಬದಲು ನಮಗೆ ಬೇಕಾದ್ದನ್ನೇ ಬೆಳೆದು ನೆರಳು ಮಾಡಿಸೋದು ಇನ್ನೂ ಒಳ್ಳೇದು. ಜಪಾನಿನ ಮಸನೊಬು ಫುಕುವೊಕಾ ತಮ್ಮ ಕಿತ್ತಳೆ ತೋಟದ ಕೆಳಗೆ ಬಿಳಿ ಕ್ಲೋವರ್ ಹಬ್ಬಿಸಿದ್ರು. ಕಳೆಯನ್ನ ನಿರ್ನಾಮ ಮಾಡೋಕೆ ಹೋಗದೆ ಹತೋಟಿಯಲ್ಲಿಡಬೇಕು ಅನ್ನೋದು ಅವರ ನಿಲುವು. ನಮ್ಮ ಕೆಂಪು ಮಣ್ಣಿಗೆ ಕ್ಲೋವರ್ ಯಾಕೆ, ಹುರುಳಿ ಇದೆಯಲ್ಲ. ಮುಂಗಾರಿಗೆ ಅಲಸಂದೆ, ಸೆಪ್ಟೆಂಬರ್‌ನಲ್ಲಿ ಉತ್ತರೆ ಮಳೆ ನೋಡ್ಕೊಂಡು ಹುರುಳಿ. ಒತ್ತಾಗಿ ಚೆಲ್ಲಬೇಕು. ಕಾಳು ಬಂದ್ರೆ ಬಸ್ಸಾರು, ಬರದಿದ್ರೆ ಮಣ್ಣಿಗೆ ಗೊಬ್ಬರ. ವೆಲ್ವೆಟ್ ಬೀನ್ಸ್ ಹಾಕಿ ಅಂತಲೂ ಕೆಲವರು ಹೇಳ್ತಾರೆ. ಹುಲ್ಲನ್ನ ಚೆನ್ನಾಗಿ ಮುಚ್ಚುತ್ತೆ, ನಿಜ. ಆದ್ರೆ ಅದು ಬಳ್ಳಿ, ವಾರವಾರ ನೋಡದಿದ್ರೆ ಸೀಬೆ ಗಿಡವನ್ನೇ ಹತ್ತಿ ಕೂರುತ್ತೆ. ದೂರದಿಂದ ತೋಟ ಮಾಡೋರಿಗೆ ನಾನಂತೂ ಹೇಳಲ್ಲ.

ಫೋನಿಗೆ ಬರೋ ಮನೆಮದ್ದುಗಳ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ವಿನಿಗರ್ ಎಲೆಯನ್ನ ಸುಡುತ್ತೆ, ಮರುದಿನದ ವಿಡಿಯೊಗೆ ಚೆನ್ನಾಗಿ ಕಾಣುತ್ತೆ, ನೆಲದೊಳಗಿನ ಕಾಂಡಕ್ಕೆ ಏನೂ ಆಗಲ್ಲ. ಉಪ್ಪು ಹುಲ್ಲಿನ ಜೊತೆ ಮಣ್ಣನ್ನೂ ಕೆಡಿಸುತ್ತೆ. ಉಪ್ಪು ಸುರಿದ ಪಾತಿಯಲ್ಲಿ ನಿಂಬೆ ಬದುಕೋದು ಕಷ್ಟ. ಕುದಿಯೋ ನೀರು ಅಂಗಳದ ಕಲ್ಲಿನ ಸಂದಿಗೆ ಸರಿ, ಗಿಡದ ಬುಡಕ್ಕಲ್ಲ. ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೆ ಮಣ್ಣು ಬೇಯಿಸೋ ವಿಧಾನ ಮಾತ್ರ ನಿಜಕ್ಕೂ ಒಳ್ಳೇದು, ಏಪ್ರಿಲ್-ಮೇ ತಿಂಗಳಲ್ಲಿ ಮಣ್ಣು ನೆನೆಸಿ ನಾಲ್ಕರಿಂದ ಆರು ವಾರ. ಆದ್ರೆ ಅದು ಗಿಡ ನೆಡೋ ಮೊದಲು. ಈಗಷ್ಟೇ ಜಮೀನು ಕೊಂಡು ಪ್ಲ್ಯಾನ್ ಮಾಡ್ತಿರೋರು ಒಂದು ಬೇಸಿಗೆ ತಡೆದು, ಒಣ ಮಣ್ಣನ್ನ ಆಳಕ್ಕೆ ಉಳುಮೆ ಮಾಡಿಸಿ, ಗರಿಕೆ ಕಾಂಡಗಳನ್ನ ಮೇಲಕ್ಕೆ ತಂದು ಏಪ್ರಿಲ್ ಬಿಸಿಲಿಗೆ ಒಣಗಿಸಿ, ಆರಿಸಿ ತೆಗೆದು, ಆಮೇಲೆ ನೆಡಿ. ಮುಂದಿನ ಎರಡು ವರ್ಷದ ಕೂಲಿ ಅಲ್ಲೇ ಉಳಿಯುತ್ತೆ.

ಕಾಂಗ್ರೆಸ್ ಗಿಡ, ಅಂದ್ರೆ ಪಾರ್ಥೇನಿಯಂ, ಹೆಸರಲ್ಲಿ ಹುಲ್ಲಿದ್ರೂ ಹುಲ್ಲಲ್ಲ. ಇದನ್ನ ತಿನ್ನಲಿ ಅಂತ ಮೆಕ್ಸಿಕೊದಿಂದ ಜೀರುಂಡೆ ತಂದು 1984ರಲ್ಲಿ ನಮ್ಮ ಬೆಂಗಳೂರಲ್ಲೇ ಬಿಟ್ಟಿದ್ರು, ಮಳೆಗಾಲದಲ್ಲಿ ಎಲೆ ಮೇಲೆ ಈಗಲೂ ಸಿಗುತ್ತೆ. ಜೀರುಂಡೆ ಇರಲಿ ಬಿಡಲಿ, ಬಿಳಿ ಹೂ ಬರೋ ಮೊದಲೇ ಗ್ಲೌಸ್ ಹಾಕ್ಕೊಂಡು ಕಿತ್ತುಬಿಡಿ. ಹೂ ಬರದಿದ್ರೆ ಅದೂ ಒಳ್ಳೇ ಮುಚ್ಚಿಗೆ.

ಕೊನೆಗೆ ಉಳಿದಿದ್ದು ಜೇಕು. ಕೊನ್ನಾರಿ ಗಡ್ಡೆ ಅಂತಲೂ ಕರೀತಾರೆ. ನೋಡೋಕೆ ಹುಲ್ಲೇ, ಆದ್ರೆ ದಂಟನ್ನ ಬೆರಳಲ್ಲಿ ಹೊರಳಿಸಿ, ಮೂರು ಮೂಲೆ ಸಿಕ್ಕಿದ್ರೆ ಜೇಕು. ನೆಲದೊಳಗೆ ಕಪ್ಪು ಗಡ್ಡೆಗಳು ಸರದ ಹಾಗೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತೆ. ಸರ ಇಡಿಯಾಗಿರೋ ತನಕ ಎಷ್ಟೋ ಗಡ್ಡೆ ಮಲಗೇ ಇರುತ್ತೆ. ಮೇಲಿಂದ ಕಿತ್ರೆ ದಂಟು ಕೈಗೆ ಬರುತ್ತೆ, ಸರ ಕಡಿದು ಒಳಗಿನವು ಒಂದೊಂದಾಗಿ ಏಳುತ್ತೆ. ತೆಳು ಮಲ್ಚಿಂಗ್ ಪ್ಲಾಸ್ಟಿಕ್ಕನ್ನೇ ಚುಚ್ಚಿ ಮೇಲೆ ಬರೋ ಹುಲ್ಲು ಇದು, ನಮ್ಮ ಮಟ್ಟೆಯ ಸಂದಿ ಯಾವ ಲೆಕ್ಕ?

ನಮ್ಮ ನಿಂಬೆಯ ಎರಡು ಸಾಲಲ್ಲಿ ಜೇಕು ಇದೆ. ಗರಿಕೆ ಸುಮಾರಾಗಿ ಬಗ್ಗಿದೆ, ಇದು ಬಗ್ಗಿಲ್ಲ. ಬೇಸಿಗೆಯಲ್ಲಿ ಸಾಲುಗಳ ನಡುವೆ, ಬೇರಿನಿಂದ ದೂರಕ್ಕೆ, ಗುದ್ದಲಿಯಲ್ಲಿ ಗಡ್ಡೆ ಎಬ್ಬಿಸಿ ಬಿಸಿಲಿಗೆ ಹರಡ್ತೀವಿ. ಚೆನ್ನಾಗಿ ಒಣಗಿದ ಗಡ್ಡೆ ಮತ್ತೆ ಮೊಳೆಯಲ್ಲ. ತಿಪ್ಪೆಗೆ ಹಾಕಲ್ಲ, ಹಾಕಿದ್ರೆ ಗೊಬ್ಬರದ ಜೊತೆ 80 ಗಿಡಕ್ಕೂ ಹಂಚಿದ ಹಾಗೆ. ಕಳೆದ ಏಪ್ರಿಲ್‌ನಲ್ಲಿ ಆ ಎರಡು ಸಾಲಿಂದ ಮೂರು ಮಂಕರಿ ಗಡ್ಡೆ ತೆಗೆದ್ವಿ. ಜೂನ್‌ನಲ್ಲಿ ಮತ್ತೆ ಹಸಿರು.

"ಅವೆರಡು ಸಾಲಿಗೆ ಮಾತ್ರ ಹೊಡ್ಸಿಬಿಡ್ಲಾ?" ಅಂತ ಅಪ್ಪ ಪ್ರತಿ ಮಳೆಗಾಲಕ್ಕೂ ಒಂದು ಸಲ ಕೇಳ್ತಾರೆ. ಈ ಸಲ ನಾನು ಉತ್ತರ ಕೊಡೋ ಮೊದಲೇ ಅಮ್ಮ ಒಳಗಿಂದ, "ಬಾವಿಗೆ ಹತ್ರ ಇರೋದು ಅವೆರಡು ಸಾಲೇ ಕಣ್ರೀ" ಅಂದ್ರು. ಅಪ್ಪ ಅಲಸಂದೆ ಬೀಜ ಎಷ್ಟು ಸೇರು ಬೇಕು ಅಂತ ಕೇಳಿದ್ರು. ಎರಡು ಸೇರು ಚೆಲ್ಲಿದ್ದೀವಿ, ಈಗ ಮೊಣಕಾಲೆತ್ತರ ಬಂದಿದೆ. ಕೆಳಗೆ ಬಗ್ಗಿ ನೋಡಿದ್ರೆ ಜೇಕು ಇನ್ನೂ ಇದೆ, ಸ್ವಲ್ಪ ಬಿಳಿಚಿಕೊಂಡಿದೆ.